ಸುಟ್ಟ ಮಗ್ಗದ ದಾವೆ

ನಾವು ಕಾಕು ಎಂದು ಕರೆಯುತ್ತಿದ್ದ ಎದುರುಮನೆಯ ಹಿರಿಯ ಹೆಂಗಸಿನ ಎಡಗೈಯ ಕೊನೆಯ ಎರಡು ಬೆರಳು ಬೆಂದು ಒಂದಕ್ಕೊಂದು ಅಂಟಿಕೊಂಡಿದ್ದವು. ಆ ಕೈಯಲ್ಲೇ ಹರಿದ ಎಳೆಗೆ ಕ್ಷಣದಲ್ಲಿ ಗಂಟು ಹಾಕುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಬನಹಟ್ಟಿಯಲ್ಲಿ ನಾಲ್ಕು ಮಗ್ಗ ನಡೆಸುತ್ತಿದ್ದವರು ಅವರು. ಅವರ ಬಳಿ ಬಹುಕಾಲದಿಂದ ನೇಯುತ್ತಿದ್ದವನು ಬೇರೆ ಧರ್ಮದವನು. ಧರ್ಮ ಕಾಯುತ್ತೇವೆಂದು ದೊಣ್ಣೆ ಹಿಡಿದು ತಿರುಗುವ ಪಡೆಯೊಂದು ಬಂದು ಅವನನ್ನು ಕೆಲಸದಿಂದ ಬಿಡಿಸಲು ಹೇಳಿತು. ಕಾಕು ಎಲ್ಲರಿಗೂ ಚಹಾ ಕೊಟ್ಟು, ಆಗುವುದಿಲ್ಲ ಎಂದರು. ಪಡೆಯ ಮುಖಂಡ ಚೌಕದಲ್ಲಿ ನಿಂತು, ಆ ಮಗ್ಗದ ಸದ್ದು ಇನ್ನು ಕೇಳಬಾರದು ಎಂದು ಭಾಷಣ ಮಾಡಿದ. ಮರುದಿನ ಮಧ್ಯಾಹ್ನ ಮಗ್ಗಗಳಿಗೆ ಬೆಂಕಿ ಬಿತ್ತು. ಒಳಗಿದ್ದ ನೇಕಾರನನ್ನು ಎಳೆದು ತರುವಾಗ ಕಾಕುವಿನ ಕೈ ಸುಟ್ಟಿತು. ಅವನು ಉಳಿಯಲಿಲ್ಲ.

ಕ್ರಿಮಿನಲ್ ಕೇಸಿನ ಸಾಕ್ಷಿಗಳು ಒಬ್ಬೊಬ್ಬರಾಗಿ ಮಾತು ಬದಲಿಸತೊಡಗಿದಾಗ, ಕಾಕು ನೇಕಾರನ ಹೆಂಡತಿಯನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಜಮಖಂಡಿ ಕೋರ್ಟಿನಲ್ಲಿ ನಾನಿನ್ನೂ ಹೊಸ ವಕೀಲ.

“ಜೇಲಿಗೆ ಹಾಕೂದು ಸರಕಾರದ ಕೆಲಸ. ಸುಟ್ಟದ್ದನ್ನ ತುಂಬಿಕೊಡ ಅಂತ ಕೇಳೂದು ನಮ್ಮ ಕೆಲಸ,” ಎಂದರು.

ಹಿರಿಯ ವಕೀಲರಿಬ್ಬರು ಆಗಲೇ ಕೈ ಚೆಲ್ಲಿದ್ದರು. ನನಗೂ ಭಯವೆಂದು ಒಪ್ಪಿಕೊಂಡೆ.

“ಅಂಜಿಕಿ ನನಗೂ ಐತಿ. ಅಂಜಕೋತನ ಬರಿ.”

ಬರೆದೆ. ಆರೋಪಿಗಳೆಲ್ಲ ಬಿಡುಗಡೆಯಾದರು, ನಮ್ಮ ಪರಿಹಾರದ ದಾವೆ ಮಾತ್ರ ನಿಂತಿತ್ತು. ಪ್ರತಿ ತಾರೀಖಿಗೂ ಇಬ್ಬರು ಹೆಂಗಸರು ಬಸ್ಸಿನಲ್ಲಿ ಬಂದು ಮುಂದಿನ ಬೆಂಚಿನಲ್ಲಿ ಕೂಡುತ್ತಿದ್ದರು. ಮುಖಂಡನ ಕಡೆಯವರು ರಾಜಿಗೆ ಬಂದರು: ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇವೆ, ತೀರ್ಪಿನಲ್ಲಿ ನಮ್ಮ ಹೆಸರು ಮಾತ್ರ ಬೇಡ. ನೇಕಾರನ ಹೆಂಡತಿ ತಲೆಯಾಡಿಸಿ ಬೇಡವೆಂದಳು. ಕಾಕು ಹೇಳಿದರು, “ಯಾರು ಸುಟ್ಟರು ಅನ್ನೂದು ಕಾಗದದ ಮ್ಯಾಲ ಬರಬೇಕ್ರಿ.”

ಕ್ರಿಮಿನಲ್ ಕೇಸಿನಲ್ಲಿ ಆರೋಪಿ ಬಾಯಿ ಬಿಡದಿದ್ದರೂ ನಡೆಯುತ್ತದೆ. ಸಿವಿಲ್ ದಾವೆಯಲ್ಲಿ ಪ್ರತಿವಾದಿಯ ಮೌನ ಅವನಿಗೇ ಮುಳುವು. ಚೌಕದಲ್ಲಿ ಗುಡುಗಿದ್ದ ಮುಖಂಡ ಕಟಕಟೆ ಹತ್ತಲೇ ಇಲ್ಲ. ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಅವನ ಭಾಷಣ, ಕಾಕುವಿನ ಅಲುಗದ ಸಾಕ್ಷ್ಯ, ಮುಖಂಡನ ಮೌನ, ಈ ಮೂರನ್ನೂ ತೂಗಿ ನ್ಯಾಯಾಧೀಶರು ತೀರ್ಪು ಓದಿದರು. ಅವನ ಹೆಸರು, ಪಡೆಯ ಹೆಸರು ಎರಡೂ ಅದರಲ್ಲಿದ್ದವು. ಪರಿಹಾರ ಕೊಡದೆ ಸತಾಯಿಸಿದಾಗ ಪಡೆಯ ಕಚೇರಿ ಜಪ್ತಿಯಾಗಿ ಹರಾಜಾಯಿತು. ಕೂಡಲು ಜಾಗವಿಲ್ಲದೆ ಪಡೆ ಚದುರಿತು. ಕಾಕು ಹಿಗ್ಗಲಿಲ್ಲ. ನೇಕಾರನ ಹೆಂಡತಿಯ ಪಾಲು ಮೊದಲು ಅವಳ ಕೈ ಸೇರಿತೇ ಎಂದಷ್ಟೇ ಕೇಳಿದರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ಮೂರನೆಯ ದಿನ, ಗಲಗಲಿ ಊರಿನಿಂದ ಒಬ್ಬ ನನ್ನ ಕಚೇರಿಗೆ ಬಂದ. ಇಂಥದೇ ಮಂದಿ ಅವನ ಅಂಗಡಿ ಸುಟ್ಟಿದ್ದರು. ಬಾಗಿಲಲ್ಲೇ ನಿಂತು ಕೇಳಿದ, “ಬನಹಟ್ಟಿ ಅವ್ವ ಹಾಕಿದ್ದಳಲ್ರಿ, ಅಂಥಾ ಕೇಸ ನನಗೂ ಹಾಕಿಕೊಡತೀರೇನ್ರಿ?”

ಕೂತುಕೋ ಎಂದು ಕುರ್ಚಿ ಸರಿಸಿ, ಹಾಳೆ ತೆಗೆದುಕೊಂಡೆ.