ಪೂರ್ವದ ಬಾಗಿಲಿನ ದೋಣಿ

ಒಳಗೊಂದು ಹಲಗೆಯೂ ಇಲ್ಲದ ಕಬ್ಬಿಣದ ದೋಣಿ ಕೊಂಡು, ಮಾನ್ವಿಯ ಕಾಲುವೆಯಲ್ಲಿ ತೇಲುವ ಮನೆ ಮಾಡುತ್ತೇನೆಂದು ಹೊರಟ ಮೂರ್ಖ ನಾನೇ. ಆ ಕೆಲಸಕ್ಕೆ ಒಪ್ಪಿದವರು ಎಲ್ಲರೂ ಮುತ್ಯಾ ಎಂದು ಕರೆಯುತ್ತಿದ್ದ ಪೋತ್ನಾಳದ ಹಿರಿಯ ಬಡಿಗ ಒಬ್ಬರೇ.

ದಂಡೆಯ ಮೇಲೆ ನಿಲ್ಲಿಸಿದ್ದ ಆ ಸೂರಿಲ್ಲದ ದೋಣಿಗೂ ಅವರು ಚಪ್ಪಲಿ ಬಿಟ್ಟೇ ಹತ್ತುತ್ತಿದ್ದರು. ಏನು ಕೇಳಿದರೂ ಕೆಮ್ಮಿ, "ಮೊದಲ ಹೊಸ್ತಿಲಾ, ಉಳಿದದ್ದು ಆಮ್ಯಾಲ" ಎನ್ನುತ್ತಿದ್ದರು. ಊರವರನ್ನೆಲ್ಲ ಅಣಕಿಸುವ ಚಾಳಿಯ ನಾನು ಆ ಕೆಮ್ಮನ್ನೂ ನಕಲು ಮಾಡುತ್ತಿದ್ದೆ. ಈಗ ಅದು ನನ್ನ ಗಂಟಲಲ್ಲಷ್ಟೇ ಉಳಿದಿದೆ.

ನಾನು ಕಿಟಕಿಗೆಂದು ಬಿಟ್ಟಿದ್ದ ಪೂರ್ವದ ಬದಿಗೆ ಅವರು ಒಂದು ದಿನ ಬಾಗಿಲ ಚೌಕಟ್ಟು ನಿಲ್ಲಿಸಿದರು. ದಂಡೆಯ ಮೇಲಿದ್ದವರೆದುರು ಅವರದೇ ದನಿಯಲ್ಲಿ ಕೆಮ್ಮಿ ಅಂದೆ: "ಮುತ್ಯಾ, ನೀರಿಗಿಳಿದ್ರ ದೋಣಿ ತಿರುಗ್ತದ. ತಿರುಗೋ ಮನಿಗೆ ಪೂರ್ವ ಯಾವುದು? ಕಿತ್ತುಬಿಡ್ರಿ."

ಎಲ್ಲರೂ ನಕ್ಕರು. ಮುತ್ಯಾ ಮೊಳೆ ಹೊಡೆಯುತ್ತಲೇ ಕೇಳಿದರು:

"ನೀ ದಿನಾ ಒಬ್ಬೊಬ್ಬರ ಮಾರಿ ಹಾಕ್ಕೊಂಡು ತಿರುಗ್ತೀಯಲ್ಲಲೇ, ಅದಕ್ಕಂತ ನಿಮ್ಮವ್ವ ನಿನಗ ಬಾಗಲಾ ಮುಚ್ಯಾಳೇನು?"