ಇಬ್ಬನಿ ಎಂದು ಹೆಸರಿಟ್ಟವಳು ನಾನು

ಮೊನ್ನೆ ಭಾನುವಾರ ಮೇಲಿನ ಮನೆಯ ಮೈಸೂರಿನ ಹುಡುಗಿ ಬಂದು, "ಆಂಟಿ, ಸಂಜೆ ನಮ್ಮ ಪಾಪುಗೆ ನಾಮಕರಣ. ಇಬ್ಬನಿ ಅಂತ ಇಡ್ತಿದ್ದೀವಿ. ತುಂಬಾ ಅಪರೂಪದ ಹೆಸರು ಅಲ್ವಾ?" ಎಂದಳು. ನಕ್ಕು ತಲೆಯಾಡಿಸಿದೆ. ಒಳಗೆ ಮಾತ್ರ ಸಣ್ಣಗೆ ಉರಿಯಿತು. ನನ್ನ ಪರಿಚಯದವರಲ್ಲೇ ಇದು ಮೂರನೆಯ ಇಬ್ಬನಿ. ಹತ್ತೊಂಬತ್ತು ವರ್ಷದ ಹಿಂದೆ ಹೈದರಾಬಾದಿನ ಈ ಇಡೀ ಕಾಚಿಗೂಡಕ್ಕೆ ಆ ಹೆಸರಿನವಳು ಒಬ್ಬಳೇ ಇದ್ದಳು. ಹೆಸರಿಟ್ಟವಳು ನಾನು!

ಸಂಜೆಯ ಗುಗ್ಗರಿಗೆಂದು ಕಡಲೆ ಬೇಯಲಿಟ್ಟೆ. ಆ ವಾಸನೆಗೆ ಎಲ್ಲ ನೆನಪಾಯಿತು.

ನಮ್ಮ ಕಲಬುರಗಿ ಕಡೆ ಹೆಸರಿಡುವ ಹಕ್ಕು ಸೋದರತ್ತೆಯದು. ಅವಳು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಬೇಕು. ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಏಕೆ ಗುದ್ದಬೇಕೋ ದೇವರೇ ಬಲ್ಲ. ಹಳೆಯ ಸಿಟ್ಟು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ ಎಂಬುದು ನನ್ನ ಬೆನ್ನಿನ ಅನುಭವ. ಹಕ್ಕು ಎಂದೆನಲ್ಲ, ನಿಜವಾಗಿ ಹೆಸರನ್ನು ಹೆತ್ತವರೇ ಮೊದಲು ಆರಿಸಿರುತ್ತಾರೆ. ನನ್ನ ತಮ್ಮನ ಹೆಂಡತಿ ತನ್ನ ಮಗಳಿಗೆ ಆರಿಸಿದ್ದು ಪೂಜಾ. ನಮ್ಮ ಓಣಿಯಲ್ಲಿ ಆಗಲೇ ನಾಲ್ವರು ಪೂಜಾ ಇದ್ದರು. ಒಮ್ಮೆ ಕೂಗಿದರೆ ನಾಲ್ಕು ಮನೆಯ ಬಾಗಿಲು ತೆರೆಯುತ್ತಿದ್ದವು.

ಬಗ್ಗಿದೆ. ದಬದಬ ಗುದ್ದು ಬಿದ್ದವು. ಯಾವ ಹಟ ಹೊಕ್ಕಿತ್ತೋ, ಕೂಸಿನ ಕಿವಿಯಲ್ಲಿ 'ಇಬ್ಬನಿ' ಎಂದುಬಿಟ್ಟೆ.

"ಏನ ಇಟ್ಟೆವ್ವಾ ಹೆಸರು?" ಎಂದು ನಮ್ಮವ್ವ ವಾಡಿಕೆಯಂತೆ ಕೇಳಿದಳು. ಹೇಳಿದೆ. ಹೆಂಗಸರೆಲ್ಲ ತಮ್ಮನ ಹೆಂಡತಿಯ ಮುಖ ನೋಡಿದರು.

ಕೊನೆಗೆ ಅವ್ವನೇ, "ಕಿವ್ಯಾಗ ಬಿದ್ದ ಹೆಸರ ತಿರುಗಿ ತಗ್ಯಾಕ ಬರೂದಿಲ್ಲ. ಗುಗ್ಗರಿ ಹಂಚರಿ" ಎಂದು ತೀರ್ಪು ಕೊಟ್ಟಳು.

ತಮ್ಮನ ಹೆಂಡತಿ ಜಗಳವಾಡಲಿಲ್ಲ. ಗುಗ್ಗರಿಯ ತಟ್ಟೆ ನನ್ನ ಕೈಗಿಡುತ್ತ, "ಇಟ್ಟವರು ನೀವು ಅಕ್ಕಾ. ಜೀವನಪೂರ್ತಿ ಹೊತ್ತು ತಿರುಗಾಕಿ ಅಕಿ" ಎಂದಳು, ಅಷ್ಟೇ.

ಹೊತ್ತಳು ನೋಡಿ ಪಾಪ. ಹೈದರಾಬಾದಿನ ಬಾಯಲ್ಲಿ ಅವಳು ಇಬಾನಿಯಾದಳು, ಇಬ್ನಿಯಾದಳು. ಫಾರ್ಮ್ ತುಂಬುವವನೊಬ್ಬ ತಾನೇ ಕರುಣೆ ತೋರಿ ಶಿವಾನಿ ಎಂದು ಬರೆದ. ಶಾಲೆಯಲ್ಲಿ ಹಾಜರಿ ಕರೆಯುವ ಟೀಚರು ಒಂದು ಕ್ಷಣ ತಡವರಿಸಿದರೆ ಸಾಕು, ತನ್ನ ಸರದಿ ಬಂತೆಂದು ಹುಡುಗಿ ಎದ್ದು ನಿಲ್ಲುತ್ತಿದ್ದಳು. ನಾನು ಮಾತ್ರ ಕಂಡಕಂಡವರಿಗೆ ಅರ್ಥ ಬಿಡಿಸಿ ಹೇಳಿ ಬೀಗುತ್ತಿದ್ದೆ.

ಹೋದ ವರ್ಷ ನಾನೂ ಅವಳೂ ಪುಸ್ತಕಕ್ಕೆಂದು ಕೋಠಿ ಬಜಾರಿಗೆ ಹೋಗಿದ್ದೆವು. ಜ್ಯೂಸ್ ಅಂಗಡಿಯವನು ಚೀಟಿಯಲ್ಲಿ ಹೆಸರು ಬರೆಯಲೆಂದು, "ನಾಮ್ ಬೋಲೋ ಬೇಟಾ" ಎಂದ. ಇವಳು ಸಲೀಸಾಗಿ, "ಪೂಜಾ" ಎಂದಳು.

"ಯಾಕ ಹಂಗ ಹೇಳಿದಿ?"

"ಬಾಯಿ ಆರಾಕತ್ತೈತಿ ಅತ್ತ್ಯಾ, ಈಗ ಅವಗ ಪಾಠ ಹೇಳ್ಕೋತ ನಿಂದರ್ಲೇನು?"

ಅವಳು ನಗುತ್ತಲೇ ಹೇಳಿದ್ದು. ನಾನು ಮೋಸಂಬಿಯ ಗ್ಲಾಸನ್ನು ಅರ್ಧಕ್ಕೇ ಇಟ್ಟೆ. ನನ್ನ ಚಪಲಕ್ಕೆ ಹುಡುಗಿಯ ತಲೆಯ ಮೇಲೆ ಹೊರೆ ಹೊರಿಸಿದೆ ಎಂದು ನಾಚಿಕೆಯಾಯಿತು. ಅದನ್ನು ಅವಳಿಗೆ ಹೇಳದೆ ಪುಸ್ತಕದ ಅಂಗಡಿಯತ್ತ ನಡೆದೆ.

ಮೊನ್ನೆ ಸಂಜೆ ಗುಗ್ಗರಿ ಹಿಡಿದು ಮೇಲೆ ಹೋದೆ. ರಜೆಗೆ ಬಂದಿದ್ದ ನಮ್ಮ ಇಬ್ಬನಿಯೂ ಜೊತೆಗಿದ್ದಳು. ಆ ಮನೆಯಲ್ಲಿ ಕೂಸಿಗೆ ಸೋದರತ್ತೆ ಇಲ್ಲ. ನಮ್ಮ ಪದ್ಧತಿ ಕೇಳಿ ಖುಷಿಪಟ್ಟ ಮೈಸೂರಿನ ಹುಡುಗಿ, "ನೀವೇ ಹೇಳಿಬಿಡಿ ಆಂಟಿ" ಎಂದಳು. ನಾನು ಹಿಂದೆ ಸರಿದೆ. ಒಮ್ಮೆ ಮಾಡಿದ್ದೇ ಸಾಕಾಗಿತ್ತು.

"ನಾ ಹೇಳ್ತೀನ್ರಿ. ನಂದೂ ಅದ ಹೆಸರು" ಎಂದು ನಮ್ಮವಳು ತೊಟ್ಟಿಲಿಗೆ ಬಗ್ಗಿದಳು.

ಎಷ್ಟಾದರೂ ನನ್ನದೇ ರಕ್ತ. ಪೂಜಾ ಎಂದುಬಿಟ್ಟರೆ? ಗುದ್ದಲು ಎತ್ತಿದ ನನ್ನ ಕೈ ಹಾಗೇ ನಿಂತಿತು.

"ಕುರ್ರ್... ಇಬ್ಬನಿ" ಎಂದಳು. ನಿಧಾನವಾಗಿ, ಒಂದಕ್ಷರವೂ ಸವೆಯದಂತೆ, ಮೂರು ಸಲ. ಆಮೇಲೆ ಕೂಸಿಗಷ್ಟೇ ಎಂಬಂತೆ, "ಯಾರರೆ ತಪ್ಪ ಕರದ್ರ ತಿದ್ದು. ಭಾಳ ನೀರಡಿಸಿದ್ರ ಬಿಟ್ಟಬಿಡು" ಎಂದಳು.

ನನ್ನ ಕಣ್ಣು ತುಂಬಿತು. ಅದು ಕಾಣಬಾರದೆಂದು ಅವಳ ಬೆನ್ನಿಗೆ ಧಡಧಡ ಗುದ್ದಿದೆ.

"ಅತ್ತ್ಯಾ, ಸಾವಕಾಶ!"

ಹತ್ತೊಂಬತ್ತು ವರ್ಷ ಕಾದ ಕೈ. ಸಾವಕಾಶ ಎಲ್ಲಿಂದ ಬರಬೇಕು, ನೀವೇ ಹೇಳಿ.