ಒಂದು ಸೀಟಿಗೆ ನಿಂತ ಬಸ್ಸು

ನಮ್ಮ ಬಸ್ ನೌಕರರ ಸಂಘಕ್ಕೂ ರೈಟಣ್ಣನವರಿಗೂ ನಡುವೆ ಗೆರೆ ಎಳೀತೀನಿ ಅಂತ ಹೊರಟವರ ಪೆನ್ಸಿಲ್ ಸವೆದುಹೋಗಿದೆ. ಎಡಪಂಥದವರೇ ತುಂಬಿದ್ದ ಸಂಘದಲ್ಲಿ ಇವರೊಬ್ಬರೇ 'ರೈಟ್, ರೈಟ್' ಅನ್ನೋರು. ಸೀಟಿಗಾಗಿ ಲೋಕವೇ ಕಿತ್ತಾಡೋ ಕಾಲದಲ್ಲಿ ಇವರು ಬರೀ ಸೀಟಿ ಹಿಡ್ಕೊಂಡು ಮೂವತ್ತನಾಲ್ಕು ವರ್ಷ ನಿಂತೇ ಕಂಡಕ್ಟರಿಕೆ ಮಾಡಿದರು. ಎಂಟು ಸಲ ಕಾರ್ಯದರ್ಶಿಯಾದರೂ ಚಿಲ್ಲರೆ ರಾಜಕೀಯ ಮಾಡ್ಲಿಲ್ಲ; ಚಿಲ್ಲರೆಯನ್ನು ಮಾತ್ರ ತಪ್ಪದೆ ವಾಪಸ್ ಕೊಟ್ಟರು.

ಸಂಘ ಹುಟ್ಟಿದ್ದು ಡಿಪೋ ಹಿಂದಿನ ಟೈರ್ ಸ್ಟೋರಿನಲ್ಲಿ. ಹನ್ನೊಂದು ಜನ, ಕುರ್ಚಿ ಸೊನ್ನೆ, ಸವೆದ ಟೈರುಗಳೇ ಆಸನ. ಆಗ ಇದ್ದದ್ದು ಮುರುಕು ಪಾಳಿ: ಬೆಳಿಗ್ಗೆ ನಾಲ್ಕು ತಾಸು, ಸಂಜೆ ನಾಲ್ಕು ತಾಸು, ನಡುವೆ ಮನೆಗೆ ಹೋಗೋಕೂ ಆಗದೆ ಬಸ್ಸಿನ ನೆರಳಲ್ಲಿ ಬಿದ್ಕೊಂಡಿರೋದು. ಒಂದಿನ ಒಬ್ಬ ಡ್ರೈವರು ತೂಕಡಿಸಿ ದೀಪದ ಕಂಬಕ್ಕೆ ಗುದ್ದಿದ. ಅವನ ಒಂದು ಕಾಲು ಹೋಯ್ತು. ಕಚೇರಿಯವರು ಮೂರು ಪುಟ ವರದಿ ಬರೆದರು, ಕಂಬದ ಬಗ್ಗೆ. ಅವನು ಊರುಗೋಲು ಊರ್ಕೊಂಡು ಡಿಪೋಗೆ ಬಂದ ಮಾರನೇ ದಿನವೇ ಮುಷ್ಕರ ಶುರುವಾಯ್ತು.

ಒಂಬತ್ತನೇ ದಿನ ಡಿಪೋ ಮ್ಯಾನೇಜರು ನೋಟೀಸು ಅಂಟಿಸಿದರು. ಇವತ್ತು ಒಂದು ಬಸ್ಸು ಗೇಟು ದಾಟಿದರೂ ಮುಷ್ಕರ ಮುರಿದಂತೆ. ಆಗಲೇ ಸಸ್ಪೆಂಡ್ ಆಗಿದ್ದ ರೈಟಣ್ಣನವರೂ ಸೇರಿ ಏಳು ಜನ ವಜಾ. ಸ್ಟೇರಿಂಗ್ ಹಿಡಿಯೋಕೆ ಯಾರೂ ಒಪ್ಪಲಿಲ್ಲ. ಕೊನೆಗೆ ಬಸ್ಸು ಹತ್ತಿದವರನ್ನ ನೋಡಿ ರೈಟಣ್ಣನವರು ಗೇಟಿನ ಮುಂದಕ್ಕೆ ಬಂದು ನಿಂತರು. ಅಕ್ಕನ ಗಂಡ! ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ಮುಂದೆ ಅವರು, ಹಿಂದೆ ಇವರು. ಡಿಪೋದಲ್ಲೇ ತಾತ್ಕಾಲಿಕ ಕೆಲಸಕ್ಕಿದ್ದ ಅವರ ಮಗಳನ್ನ ಮನೆಗೆ ಕಳಿಸ್ತೀನಿ ಅಂತ ಮ್ಯಾನೇಜರು ಹೆದರಿಸಿದ್ದರು.

ಗೇಟಿಗೆ ಅಡ್ಡವಾಗಿ ಮುಷ್ಕರದ ಜನ ಕೂತಿದ್ದರು. ಬಸ್ಸು ಗುರ್ ಅಂತ ಹತ್ತಿರ ಬಂತು.

"ಭಾವ, ಇಳೀರಿ!"

"ದಾರಿ ಬಿಡೋ. ನಿನ್ನಕ್ಕನ ಮುಖ ನೋಡಾದ್ರೂ ಬಿಡು."

"ಅವಳ ಮುಖ ನೋಡೇ ನಿಂತಿದ್ದೀನಿ. ನನ್ನ ಮೇಲೆ ಹತ್ತಿಸಿ ಹೋದ್ರೆ ನಿಮಗೆ ಊಟ ಹಾಕ್ತಾಳಾ?"

ಮ್ಯಾನೇಜರು ಬಸ್ಸಿನ ಪಕ್ಕೆಗೆ ಗುದ್ದಿದರು. "ನಡಿಯಯ್ಯ! ಹೆದರಿ ತಾವೇ ಏಳ್ತಾರೆ."

ಬಸ್ಸು ಧಡಕ್ಕನೆ ಮುನ್ನುಗ್ಗಿತು. ಎಲ್ಲರೂ ಎದ್ದರು, ಒಬ್ಬನನ್ನು ಬಿಟ್ಟು. ಕಾಲು ಕಳ್ಕೊಂಡ ಡ್ರೈವರು ಊರುಗೋಲಿಗೆ ತಡಕಾಡ್ತಿದ್ದ. ಬಸ್ಸಿನ ಮೂತಿಯ ಕೆಳಗೆ ಅವನು ಭಾವನ ಕಣ್ಣಿಗೆ ಬೀಳೋ ಹಾಗಿರಲಿಲ್ಲ. ರೈಟಣ್ಣನವರ ಕೂಗು ಇಂಜಿನ್ ಸದ್ದಲ್ಲಿ ಮುಳುಗಿತು. ಕೈ ಮಾತ್ರ ತನ್ನ ಪಾಡಿಗೆ ತಾನು ಜೇಬಿಗೆ ಹೋಯ್ತು.

ಒಂದು ಸೀಟಿ.

ಬ್ರೇಕು ಕಿರುಚಿತು. ಊರುಗೋಲಿಗೂ ಬಸ್ಸಿಗೂ ನಡುವೆ ಒಂದು ಗೇಣು.

"ಯಾಕಯ್ಯಾ ನಿಲ್ಲಿಸ್ದೆ?"

"ಕಂಡಕ್ಟರು ಸೀಟಿ ಹಾಕಿದ್ರು ಸಾರ್."

"ಅವನು ಸಸ್ಪೆಂಡ್ ಆಗಿದ್ದಾನೆ!"

"ನನ್ನ ಕಾಲಿಗೆ ಆ ಆರ್ಡರ್ ಇನ್ನೂ ತಲುಪಿಲ್ಲ ಸಾರ್."

ಭಾವ ಕೆಳಗೆ ಇಣುಕಿದರು. ಊರುಗೋಲು ಕಣ್ಣಿಗೆ ಬಿತ್ತು. ಇಂಜಿನ್ ಆರಿಸಿ ಕೀಲಿಯನ್ನು ಜೇಬಿಗೆ ಇಳಿಸಿದರು. "ಒಂದು ಸೀಟಿಗೆ ನಿಲ್ಲಿಸ್ಬೇಕು, ಎರಡು ಬರೋವರೆಗೂ ಎತ್ಬಾರ್ದು. ಬೋರ್ಡು ನೀವೇ ಹಾಕ್ಸಿದ್ದೀರಿ ಸಾರ್, ಓದ್ಕೊಳ್ಳಿ."

ಬಸ್ಸು ನಿಂತಿದ್ದು ಸರಿಯಾಗಿ ಗೇಟಿನ ನಡುವೆ, ಬಾಟಲಿಗೆ ಬಿರಡೆ ಜಡಿದ ಹಾಗೆ. ಒಳಗಿನದು ಹೊರಗಿಲ್ಲ, ಹೊರಗಿನದು ಒಳಗಿಲ್ಲ. ಆರು ತಾಸು ಭಾವ ಸೀಟು ಬಿಟ್ಟೇಳಲಿಲ್ಲ. ರೈಟಣ್ಣನವರು ಕಿಟಕಿಯಿಂದ ನೀರು ಕೊಟ್ಟರು. ಎರಡು ಸಲ ಊದಿದರೆ ಅಕ್ಕನ ಮಗಳ ಕೆಲಸ ಉಳಿಯುತ್ತೆ. ಊದದಿದ್ದರೆ ಸಂಘ ಉಳಿಯುತ್ತೆ. ಉಸಿರು ಜಾರಿ ಸದ್ದಾದೀತು ಅನ್ನೋ ಭಯಕ್ಕೆ ಸೀಟಿಯನ್ನ ಅಂಗೈಯಲ್ಲಿ ಬಿಗಿಯಾಗಿ ಹಿಡಿದು ನಿಂತೇ ಇದ್ದರು.

ನಾಲ್ಕು ಗಂಟೆಗೆ ದೊಡ್ಡ ಸಾಹೇಬರು ಬಂದರು. ಕಾರು ಒಳಗೆ ಹೋಗಲಿಲ್ಲ. ಒಪ್ಪಂದ ಬಸ್ಸಿನಲ್ಲೇ ಆಯ್ತು, ಕಂಡಕ್ಟರ್ ಸೀಟಿನ ಮೇಲೆ ಕಾಗದ ಇಟ್ಟು. ಮುರುಕು ಪಾಳಿ ರದ್ದು, ವಜಾ ಇಲ್ಲ. ಆದರೆ ಮೊದಲನೇ ಸಾಲು ರೈಟಣ್ಣನವರು ಪಟ್ಟುಹಿಡಿದು ಬರೆಸಿದ್ದು: ಡ್ರೈವರ ಮಗಳ ಕೆಲಸಕ್ಕೆ ಕೈ ಹಚ್ಚಬಾರದು. ಆಮೇಲೆ ಹಿಂದಿನ ಬಾಗಿಲಲ್ಲಿ ನಿಂತು ಎರಡು ಸಲ ಊದಿದರು.

ಸಂಘದ ಇತಿಹಾಸ ಬರೆಯುವಾಗ ಕೆಲವರು "ಆ ದ್ರೋಹಿ ಭಾವನ ಹೆಸರೂ ಬೇಡ" ಅಂದರು. ನಡಾವಳಿ ಪುಸ್ತಕದಲ್ಲಿ ರೈಟಣ್ಣನವರ ಕೈಬರಹ ಇವತ್ತಿಗೂ ಇದೆ: "ಅಂದು ಗೇಟು ಮುಚ್ಚಿದವರು ನಮ್ಮ ಡ್ರೈವರು. ನಾನು ಊದಿದೆ, ಅಷ್ಟೇ."

ಆ ಭಾವನಿಗೆ ಈಗ ಎಪ್ಪತ್ತಾರು. ರೈಟಣ್ಣನವರ ಈ ಅಭಿನಂದನೆಯ ಸಭೆಗೆ ಮೊದಲು ಬಂದು ಮುಂದಿನ ಸಾಲಲ್ಲಿ ಕೂರೋರು ಅವರೇ. ಭಾವಮೈದ ರೈಟಣ್ಣನವರು ಮಾತ್ರ ತಡವಾಗಿ ಬರ್ತಾರಂತೆ. ನಿವೃತ್ತಿಯ ಕಾಗದ ಕೈಗೆ ಬಂದ ಮಾರನೇ ದಿನದಿಂದ ಖಾಸಗಿ ಬಸ್ ಕ್ಲೀನರುಗಳನ್ನ ಅದೇ ಟೈರ್ ಸ್ಟೋರಿನಲ್ಲಿ ಕೂಡಿಸ್ಕೊಂಡು ಸಂಘ ಕಟ್ತಿದ್ದಾರೆ.

ನಿವೃತ್ತಿ ಅಂತ ಕಚೇರಿಯವರು ಒಂದು ಸೀಟಿ ಊದಿದ್ದಾರೆ. ನೂರನೇ ಸ್ಟಾಪು ದಾಟಿ, ಆರೋಗ್ಯವಾಗಿ, ಜಗಳವಾಡ್ತಾ ಸಾಗೋಕೆ ಇನ್ನೊಂದು ಸಾಲದು, ಎರಡು ಬೇಕು. ಅವನ್ನು ಊದೋದು ನಮ್ಮ ಪಾಳಿ.

ರೈಟ್, ಅಣ್ಣ, ರೈಟ್!